ಕೊಳೆಯುವ ಪ್ಲಾಸ್ಟಿಕ್ಕಿಗೆ ಚಿಟಿಕೆ ಜೇಡಿಮಣ್ಣು: ನ್ಯಾನೊ ಕಣ ಬೆರೆಸುವುದು ಏಕೆ, ಹೇಗೆ?

ತರಕಾರಿ ಅಂಗಡಿಯಲ್ಲಿ ಈಗ ಹಸಿರು ಅಕ್ಷರದ ಕ್ಯಾರಿ ಬ್ಯಾಗ್ ಕೊಡುತ್ತಾರೆ. ಮೇಲೆ ‘ಕಾಂಪೋಸ್ಟಬಲ್’ ಎಂದು ಬರೆದಿರುತ್ತದೆ. ಮುಟ್ಟಿದರೆ ಮೆತ್ತಗೆ, ಒಂಥರಾ ಪುಡಿ ಸವರಿದ ಹಾಗೆ. ಎರಡು ಕೆಜಿ ಈರುಳ್ಳಿ ಹಾಕಿಕೊಂಡು ಹೊರಟರೆ ಹಿಡಿ ಎಳೆದುಕೊಂಡು ಉದ್ದವಾಗುತ್ತದೆ, ಕೆಲವು ಸಲ ಕಿತ್ತೇ ಬರುತ್ತದೆ. ‘ಹಳೇ ಪ್ಲಾಸ್ಟಿಕ್ಕೇ ವಾಸಿ’ ಎನ್ನುವವರು ಬಹಳ ಜನ.

ಈ ಬ್ಯಾಗ್ ನಮ್ಮ ಕೈಗೆ ಬಂದಿದ್ದಕ್ಕೆ ಕಾನೂನು ಕಾರಣ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಾದ್ಯಂತ ತಡೆ ಬಿತ್ತು. ಕೇಂದ್ರದ ನಿಯಮದಂತೆ ಆ ವರ್ಷದ ಕೊನೆಯಿಂದ ಮಾಮೂಲಿ ಪ್ಲಾಸ್ಟಿಕ್ ಬ್ಯಾಗ್ ಕನಿಷ್ಠ 120 ಮೈಕ್ರಾನ್ ದಪ್ಪ ಇರಲೇಬೇಕು. ಕಾಂಪೋಸ್ಟಬಲ್ ಬ್ಯಾಗಿಗೆ ಮಾತ್ರ ಈ ದಪ್ಪದ ನಿಯಮ ಅನ್ವಯಿಸುವುದಿಲ್ಲ. ಹಾಗಾಗಿ ಅದನ್ನು ತೆಳ್ಳಗೆ ಮಾಡುತ್ತಾರೆ. ವಸ್ತುವೇ ಸ್ವಲ್ಪ ದುರ್ಬಲ, ಮೇಲಿಂದ ತೆಳು. ಹರಿಯದೆ ಇನ್ನೇನು?

ಇದಕ್ಕೆ ಪ್ರಯೋಗಾಲಯಗಳಲ್ಲಿ ಹುಡುಕುತ್ತಿರುವ ಪರಿಹಾರಗಳಲ್ಲಿ ಒಂದು ಕೇಳಲು ವಿಚಿತ್ರ ಅನ್ನಿಸುತ್ತದೆ. ಪ್ಲಾಸ್ಟಿಕ್ಕಿಗೆ ನೂರಕ್ಕೆ ಮೂರೋ ನಾಲ್ಕೋ ಪಾಲು ಮಣ್ಣು ಬೆರೆಸುವುದು! ಕಣ್ಣಿಗೆ ಕಾಣುವ ಮಣ್ಣಲ್ಲ, ನ್ಯಾನೊಮೀಟರ್ ಲೆಕ್ಕದ ಮಣ್ಣು. ಅಷ್ಟು ಕಡಿಮೆ ಮಣ್ಣು ಏನು ಮಾಡೀತು ಎಂಬ ಪ್ರಶ್ನೆಗೆ ಉತ್ತರ ನಿಜಕ್ಕೂ ಸೊಗಸಾಗಿದೆ.

ಕೊಳೆಯುವ ಪ್ಲಾಸ್ಟಿಕ್ ಯಾವುದು?

ಯಾವ ಪ್ಲಾಸ್ಟಿಕ್ ಆದರೂ ಅದು ಉದ್ದುದ್ದ ಅಣು ಸರಪಳಿಗಳ ಗೋಜಲು. ಇಂಥ ಸರಪಳಿಗೆ ಪಾಲಿಮರ್ ಎನ್ನುತ್ತಾರೆ. ಪಾಲಿಥೀನ್ ಸರಪಳಿಯ ಕೊಂಡಿಗಳು ಇಂಗಾಲಕ್ಕೆ ಇಂಗಾಲ ಸೇರಿ ಆದವು. ಅವನ್ನು ಕತ್ತರಿಸುವುದು ಸೂಕ್ಷ್ಮಜೀವಿಗಳಿಗೆ ಬಹಳ ಕಷ್ಟ. ಕೊಳೆಯುವ ಪ್ಲಾಸ್ಟಿಕ್ಕುಗಳಲ್ಲಿ ಸಾಮಾನ್ಯವಾಗಿ ನೀರು ಮತ್ತು ಕಿಣ್ವಗಳು ಕತ್ತರಿಸಬಲ್ಲ ಕೊಂಡಿಗಳಿರುತ್ತವೆ. ಸರಪಳಿ ತುಂಡಾಗುತ್ತಾ ಹೋದ ಹಾಗೆ ಸೂಕ್ಷ್ಮಜೀವಿಗಳು ಆ ತುಂಡುಗಳನ್ನು ತಿಂದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ತಮ್ಮದೇ ಮೈಯಾಗಿ ಬದಲಾಯಿಸುತ್ತವೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಗಿಡದಿಂದ ಬಂದದ್ದೆಲ್ಲ ಕೊಳೆಯುತ್ತದೆ ಎಂದೇನಿಲ್ಲ. ಬ್ರೆಜಿಲ್‌ನಲ್ಲಿ ಕಬ್ಬಿನಿಂದ ಪಾಲಿಥೀನ್ ಮಾಡುತ್ತಾರೆ, ಅದು ಮಾಮೂಲಿ ಪಾಲಿಥೀನ್ ಹಾಗೆಯೇ ಕೊಳೆಯದೆ ಉಳಿಯುತ್ತದೆ. ಪೆಟ್ರೋಲಿಯಂನಿಂದ ಮಾಡುವ ಪಿಬಿಎಟಿ ಎಂಬ ಪ್ಲಾಸ್ಟಿಕ್ ಕೊಳೆಯುತ್ತದೆ. ಕೊಂಡಿ ಎಂಥದ್ದು ಎನ್ನುವುದೇ ಮುಖ್ಯ, ಎಲ್ಲಿಂದ ಬಂತು ಎನ್ನುವುದಲ್ಲ.

ಹೆಚ್ಚು ಬಳಕೆಯಲ್ಲಿರುವುದು ಪಿಎಲ್‌ಎ, ಅಂದರೆ ಪಾಲಿ ಲ್ಯಾಕ್ಟಿಕ್ ಆಸಿಡ್. ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳಿಂದ ಹುದುಗಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಮೊಸರಿಗೆ ಹುಳಿ ಕೊಡುವ ಆಮ್ಲ ಅದೇ. ಅದನ್ನು ಸರಪಳಿಯಾಗಿ ಜೋಡಿಸಿದರೆ ಪಿಎಲ್‌ಎ. ಅಮೆರಿಕದ ನೆಬ್ರಾಸ್ಕಾದ ಬ್ಲೇರ್ ಎಂಬಲ್ಲಿ 2002ರಲ್ಲಿ ಇದರ ದೊಡ್ಡ ಕಾರ್ಖಾನೆ ಶುರುವಾಯಿತು. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ಕುಂಭಿಯಲ್ಲಿ ಬಲರಾಂಪುರ್ ಚೀನಿ ಮಿಲ್ಸ್ ಇಂಥದ್ದೇ ಘಟಕ ಕೈಗೆತ್ತಿಕೊಂಡಿದೆ. ಕ್ಯಾರಿ ಬ್ಯಾಗಿನ ತೆಳು ಹಾಳೆಗೆ ಮಾತ್ರ ಹೆಚ್ಚಾಗಿ ಪಿಬಿಎಟಿಯನ್ನೇ ಪಿಷ್ಟ ಅಥವಾ ಪಿಎಲ್‌ಎ ಜೊತೆ ಬೆರೆಸಿ ಬಳಸುತ್ತಾರೆ. ಮೂರನೆಯದು ಪಿಎಚ್‌ಬಿ. ಕೆಲವು ಬ್ಯಾಕ್ಟೀರಿಯಾಗಳು ನಾವು ಕೊಬ್ಬು ಕೂಡಿಡುವ ಹಾಗೆ ಇದನ್ನು ಮೈಯೊಳಗೆ ಕೂಡಿಡುತ್ತವೆ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಮೊರಿಸ್ ಲೆಮುವಾನ್ಯ್ 1920ರ ದಶಕದಲ್ಲೇ ಇದನ್ನು ಗುರುತಿಸಿದ್ದರು.

ಎಲ್ಲಿ ಸೋಲುತ್ತದೆ?

ಪಿಎಲ್‌ಎಗೆ ಎಳೆತ ತಡೆಯುವ ಬಲ ಕಡಿಮೆಯೇನಲ್ಲ. ತೊಂದರೆ ಇರುವುದು ಬೇರೆ ಕಡೆ.

ಒಂದು, ಅದು ಪೆಡಸು. ಎಳೆದರೆ ತನ್ನ ಉದ್ದದ ಹತ್ತನೇ ಒಂದು ಪಾಲಿನಷ್ಟೂ ಹಿಗ್ಗದೆ ಪಟ್ಟನೆ ಮುರಿಯುತ್ತದೆ. ಪಾಲಿಥೀನ್ ಆದರೆ ಹಲವು ಪಟ್ಟು ಹಿಗ್ಗುತ್ತದೆ. 2010ರಲ್ಲಿ ಅಮೆರಿಕದ ಫ್ರಿಟೊ-ಲೇ ಕಂಪನಿ ಸನ್‌ಚಿಪ್ಸ್ ಎಂಬ ತಿನಿಸನ್ನು ಪಿಎಲ್‌ಎ ಪೊಟ್ಟಣದಲ್ಲಿ ಮಾರಿತು. ಪೊಟ್ಟಣ ಎಷ್ಟು ಪೆಡಸಾಗಿತ್ತು ಎಂದರೆ ಮುಟ್ಟಿದರೆ ಸಾಕು, ಕಿವಿ ಮುಚ್ಚಿಕೊಳ್ಳುವಷ್ಟು ಚರಚರ ಸದ್ದು. ಗಿರಾಕಿಗಳ ಗಲಾಟೆ ತಡೆಯಲಾರದೆ ಅದೇ ವರ್ಷ ಬಹುತೇಕ ರುಚಿಗಳಿಗೆ ಹಳೆಯ ಪೊಟ್ಟಣವನ್ನೇ ವಾಪಸ್ ತಂದಿತು.

ಎರಡು, ಬಿಸಿ ತಡೆಯದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಪಿಎಲ್‌ಎ ಸರಪಳಿಗಳು ಅಲುಗಾಡಲು ಶುರುವಾಗುತ್ತವೆ. ಮಾಮೂಲಿ ಪಿಎಲ್‌ಎ ಲೋಟಕ್ಕೆ ಹಬೆಯಾಡುವ ಕಾಫಿ ಸುರಿದು ನೋಡಿ. ಮೊದಲು ಬದಿ ಮೆತ್ತಗಾಗುತ್ತದೆ, ಹಿಡಿದ ಬೆರಳಿನ ಗುರುತು ಒಳಕ್ಕೆ ಕೂರುತ್ತದೆ, ಆಮೇಲೆ ಲೋಟವೇ ವಾಲುತ್ತದೆ.

ಮೂರು, ಗಾಳಿ ಮತ್ತು ನೀರಾವಿ ಸುಲಭವಾಗಿ ತೂರಿಹೋಗುತ್ತವೆ. ಚಿಪ್ಸ್ ಮೆತ್ತಗಾಗುವುದು, ಎಣ್ಣೆ ತಿಂಡಿ ಕಮಟು ಹಿಡಿಯುವುದು ಇದರಿಂದಲೇ.

ಪಿಬಿಎಟಿಯ ಕಥೆ ತಿರುವುಮುರುವು. ಅದು ಚೆನ್ನಾಗಿ ಹಿಗ್ಗುತ್ತದೆ, ಆದರೆ ಬಿಗಿ ಸಾಲದು. ಈರುಳ್ಳಿ ಚೀಲದ ಹಿಡಿ ಎಳೆದುಕೊಂಡು ಉದ್ದವಾಗುವುದು ಅದಕ್ಕೇ.

ಸಣ್ಣದಾದಷ್ಟೂ ಬಲ ಹೇಗೆ?

ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಕಟ್ಟುವಾಗ ಮಣ್ಣಿಗೆ ಹುಲ್ಲು ಹಾಕಿ ತುಳಿಯುತ್ತಿದ್ದರು. ಒಣಗಿದಾಗ ಬಿರುಕು ಬಿಡಲು ಹೊರಟರೆ ಹುಲ್ಲಿನ ಎಳೆ ಎರಡೂ ಬದಿಯನ್ನು ಹಿಡಿದುಕೊಳ್ಳುತ್ತಿತ್ತು. ಪ್ಲಾಸ್ಟಿಕ್ಕಿಗೆ ಹೀಗೆ ಬೆರೆಸುವ ವಸ್ತುವಿಗೆ ಫಿಲ್ಲರ್ ಎನ್ನುತ್ತಾರೆ. ಸೀಮೆಸುಣ್ಣದ ಪುಡಿ, ಗಾಜಿನ ಎಳೆ ಮುಂತಾದ ಫಿಲ್ಲರ್‌ಗಳನ್ನು ಪ್ಲಾಸ್ಟಿಕ್ ಉದ್ಯಮ ಎಷ್ಟೋ ಕಾಲದಿಂದ ಬಳಸುತ್ತಿದೆ. ಆದರೆ ಮಾಮೂಲಿ ಪುಡಿಯಾದರೆ ನೂರಕ್ಕೆ ಇಪ್ಪತ್ತು, ಮೂವತ್ತು ಪಾಲು ಹಾಕಬೇಕು. ಪ್ಲಾಸ್ಟಿಕ್ ಭಾರವಾಗುತ್ತದೆ, ಮಬ್ಬಾಗುತ್ತದೆ.

ನ್ಯಾನೊ ಕಣದ ಗುಟ್ಟು ಇರುವುದು ಅದರ ಮೇಲ್ಮೈಯಲ್ಲಿ. ಒಂದು ಸೆಂಟಿಮೀಟರ್ ಅಳತೆಯ ಘನ ತೆಗೆದುಕೊಳ್ಳಿ. ಆರು ಮುಖ, ಒಟ್ಟು 6 ಚದರ ಸೆಂಟಿಮೀಟರ್ ಮೇಲ್ಮೈ. ಅದನ್ನೇ ಒಂದು ಮಿಲಿಮೀಟರ್ ಘನಗಳಾಗಿ ಕತ್ತರಿಸಿದರೆ ಮೇಲ್ಮೈ 60 ಚದರ ಸೆಂಟಿಮೀಟರ್. ಒಂದು ನ್ಯಾನೊಮೀಟರ್ ಘನಗಳಾಗಿ ಕತ್ತರಿಸಿದರೆ? ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಆಗ ಮೇಲ್ಮೈ 6,000 ಚದರ ಮೀಟರ್. ಸಕ್ಕರೆ ಅಚ್ಚಿನಷ್ಟು ವಸ್ತುವಿನಲ್ಲಿ ಒಂದೂವರೆ ಎಕರೆ ಹೊಲ!

ಪ್ಲಾಸ್ಟಿಕ್ ಸರಪಳಿಗಳು ಕಣಕ್ಕೆ ಅಂಟಿಕೊಳ್ಳುವುದು ಈ ಮೇಲ್ಮೈಯಲ್ಲಿ. ಕಣದ ಪಕ್ಕದಲ್ಲಿರುವ ಸರಪಳಿಗಳು ಮೊದಲಿನಷ್ಟು ಸಲೀಸಾಗಿ ಜಾರಲಾರವು. ಎಳೆದಾಗ ಭಾರ ಮೆದು ಸರಪಳಿಯಿಂದ ಗಟ್ಟಿ ಕಣಕ್ಕೆ ದಾಟುತ್ತದೆ. ಮೇಲ್ಮೈ ಇಷ್ಟೊಂದು ಇರುವುದರಿಂದ ನೂರಕ್ಕೆ ಮೂರು ಪಾಲು ಕಣ ಹಾಕಿದರೂ ಹೆಚ್ಚಿನ ಸರಪಳಿಗಳ ಹತ್ತಿರ ಒಂದಲ್ಲ ಒಂದು ಕಣ ಇದ್ದೇ ಇರುತ್ತದೆ.

ಇದರ ಜೊತೆ ಇನ್ನೆರಡು ಲಾಭ ಇದೆ. ಪಿಎಲ್‌ಎ ತಣ್ಣಗಾಗುವಾಗ ಅದರ ಸರಪಳಿಗಳು ಸಾಲಾಗಿ ಜೋಡಿಸಿಕೊಂಡು ಹರಳುಗಟ್ಟಬೇಕು, ಆದರೆ ಅದು ಬಹಳ ನಿಧಾನ. ನ್ಯಾನೊ ಕಣ ಸಿಕ್ಕರೆ ಅದನ್ನೇ ಆಸರೆ ಮಾಡಿಕೊಂಡು ಹರಳು ಬೇಗ ಬೆಳೆಯುತ್ತದೆ. ಹರಳುಗಟ್ಟಿದ ಪಿಎಲ್‌ಎ ಬಿಸಿಯನ್ನು ಹೆಚ್ಚು ತಡೆಯುತ್ತದೆ. ಇನ್ನೊಂದು, ಕಣ ಚಪ್ಪಟೆ ಹಾಳೆಯ ಆಕಾರದ್ದಾದರೆ ಗಾಳಿಯ ಅಣುಗಳು ನೇರ ದಾಟಲಾಗದೆ ಹಾಳೆ ಹಾಳೆಯನ್ನೂ ಸುತ್ತಿಕೊಂಡು ಹೋಗಬೇಕು. ದಾರಿ ಉದ್ದವಾಗುತ್ತದೆ, ಒಳಗಿನ ತಿಂಡಿ ಹೆಚ್ಚು ದಿನ ಉಳಿಯುತ್ತದೆ.

ಎರೆ ಹೊಲದಲ್ಲಿರುವ ಖನಿಜ

ಈ ಕೆಲಸಕ್ಕೆ ಹೆಚ್ಚು ಬಳಕೆಯಾಗಿರುವುದು ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಫ್ರಾನ್ಸಿನ ಮಾಂಟ್‌ಮೊರಿಯೋಂ ಊರಿನಿಂದ ಬಂದ ಹೆಸರು. ಹೆಸರು ದೂರದ್ದಾದರೂ ವಸ್ತು ನಮಗೆ ಗೊತ್ತಿರುವುದೇ. ಗದಗ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಈ ಗುಂಪಿನ ಖನಿಜಗಳು ತುಂಬಿವೆ. ಮಳೆಗಾಲದಲ್ಲಿ ಎರೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಎರೆಯಲ್ಲಿ ಮನೆ ಕಟ್ಟಿದವರಿಗೆ ಗೋಡೆ ಸೀಳುವ ಕಷ್ಟ ಗೊತ್ತೇ ಇದೆ.

ಉಬ್ಬುವುದು ಏಕೆಂದರೆ ಈ ಜೇಡಿ ಪದರ ಪದರವಾಗಿರುತ್ತದೆ. ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಅಗಲ ಅದರ ನೂರಾರು ಪಟ್ಟು. ಪದರಗಳ ನಡುವೆ ಸೋಡಿಯಂ, ಕ್ಯಾಲ್ಸಿಯಂನಂಥ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು ಇವೆ. ನೀರು ಆ ಸಂದಿಗೆ ನುಗ್ಗಿ ಪದರಗಳನ್ನು ದೂರ ತಳ್ಳುತ್ತದೆ. ಒಣಗಿದಾಗ ಅವು ಮತ್ತೆ ಹತ್ತಿರ ಬರುತ್ತವೆ, ನೆಲ ಸೀಳುತ್ತದೆ.

ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ನೀರಿನ ಬದಲು ಪ್ಲಾಸ್ಟಿಕ್ ಸರಪಳಿಗಳನ್ನು ಆ ಸಂದಿಗೆ ನುಗ್ಗಿಸಿದರು. ಸರಪಳಿ ಸಂದಿಯೊಳಗೆ ಹೊಕ್ಕು ಕೂತರೆ ಅದು ಅರ್ಧ ಗೆಲುವು. ಪದರಗಳು ಪೂರ್ತಿ ಬಿಡಿಬಿಡಿಯಾಗಿ ಪ್ಲಾಸ್ಟಿಕ್ ತುಂಬ ಹರಡಿಕೊಂಡರೆ ಪೂರ್ತಿ ಗೆಲುವು. ಹೀಗೆ ಬಿಡಿಸಿದ ಒಂದು ಗ್ರಾಂ ಜೇಡಿಯಲ್ಲಿ 700 ಚದರ ಮೀಟರಿಗೂ ಜಾಸ್ತಿ ಮೇಲ್ಮೈ ಇರುತ್ತದೆ.

ಇದು ಕೆಲಸ ಮಾಡುತ್ತದೆ ಎಂದು ಜಗತ್ತಿಗೆ ತೋರಿಸಿದ್ದು ಜಪಾನಿನ ಟೊಯೋಟ ಸಂಶೋಧನಾ ಕೇಂದ್ರ, 1980ರ ದಶಕದ ಕೊನೆಯಲ್ಲಿ. ಅವರು ತೆಗೆದುಕೊಂಡದ್ದು ನೈಲಾನ್. ನೂರಕ್ಕೆ ಐದಕ್ಕಿಂತ ಕಡಿಮೆ ಜೇಡಿ ಸೇರಿಸಿದ್ದಕ್ಕೆ ಅದರ ಬಿಗಿ ಸುಮಾರು ಎರಡು ಪಟ್ಟಾಯಿತು. ಭಾರ ಹೊತ್ತಾಗ ಬಾಗುವ ಉಷ್ಣತೆ 65 ಡಿಗ್ರಿಯಿಂದ ಸುಮಾರು 150 ಡಿಗ್ರಿಗೆ ಏರಿತು. ಕಾರಿನ ಎಂಜಿನ್ ಹತ್ತಿರದ ಬೆಲ್ಟಿನ ಮುಚ್ಚಳಕ್ಕೆ ಇದನ್ನು ಬಳಸಿದರು. ನೈಲಾನ್ ಕೊಳೆಯುವ ಪ್ಲಾಸ್ಟಿಕ್ ಅಲ್ಲ, ಆದರೆ ದಾರಿ ಅಲ್ಲಿಂದ ತೆರೆಯಿತು. 2000ದ ನಂತರ ಪಿಎಲ್‌ಎಗೂ ಜೇಡಿ ಬೆರೆಸುವ ಕೆಲಸ ಹಲವು ದೇಶಗಳಲ್ಲಿ ನಡೆಯಿತು.

ಕಾರ್ಖಾನೆಗೆ ಬೇಕಾದ ಜೇಡಿಯನ್ನು ಹೊಲದಿಂದ ತೆಗೆಯುವುದಿಲ್ಲ. ಬೆಂಟೊನೈಟ್ ಎಂಬ ನಿಕ್ಷೇಪದಲ್ಲಿ ಇದು ದಟ್ಟವಾಗಿ ಸಿಗುತ್ತದೆ. ನಮ್ಮಲ್ಲಿ ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾಡ್‌ಮೇರ್ ಕಡೆ ಅದರ ಗಣಿಗಳಿವೆ.

ಹತ್ತಿಯಿಂದ ಬರುವ ಕಡ್ಡಿಗಳು

ಎರೆ ಹೊಲದಲ್ಲಿ ಬೆಳೆಯುವ ಹತ್ತಿಯೂ ಈ ಕಥೆಯಲ್ಲಿ ಬರುತ್ತದೆ. ಹತ್ತಿಯ ನೂಲು ಹೆಚ್ಚುಕಡಿಮೆ ಪೂರ್ತಿ ಸೆಲ್ಯುಲೋಸ್. ಮರ, ಬಾಳೆದಿಂಡು, ಕಬ್ಬಿನ ಸಿಪ್ಪೆಗಳಲ್ಲೂ ಸೆಲ್ಯುಲೋಸ್ ಇದೆ. ಅದರ ಎಳೆಯಲ್ಲಿ ಬಿಗಿಯಾಗಿ ಹರಳುಗಟ್ಟಿದ ಭಾಗ ಮತ್ತು ಸಡಿಲ ಭಾಗ ಒಂದಾದ ಮೇಲೊಂದು ಇರುತ್ತವೆ. ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಸಡಿಲ ಭಾಗ ಮೊದಲು ಕರಗುತ್ತದೆ. ಉಳಿಯುವುದು ಅಕ್ಕಿಕಾಳಿನ ಆಕಾರದ ಸಣ್ಣ ಕಡ್ಡಿಗಳು, ಐದರಿಂದ ಇಪ್ಪತ್ತು ನ್ಯಾನೊಮೀಟರ್ ಅಗಲ, ನೂರಾರು ನ್ಯಾನೊಮೀಟರ್ ಉದ್ದ. ಇವೇ ನ್ಯಾನೊ ಸೆಲ್ಯುಲೋಸ್ ಹರಳುಗಳು. ಇವುಗಳ ಬಿಗಿಯನ್ನು ಗುಂಡುನಿರೋಧಕ ಅಂಗಿಯಲ್ಲಿ ಬಳಸುವ ಕೆವ್ಲಾರ್ ಜೊತೆ ಹೋಲಿಸುತ್ತಾರೆ. ಮುಂಬೈನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ನ್ಯಾನೊ ಸೆಲ್ಯುಲೋಸ್ ತಯಾರಿಸುವ ಪ್ರಾಯೋಗಿಕ ಘಟಕವೇ ಇದೆ.

ಕೊಳೆಯುವ ಪ್ಲಾಸ್ಟಿಕ್ಕಿಗೆ ಇದಕ್ಕಿಂತ ಒಪ್ಪುವ ಜೊತೆಗಾರ ಸಿಗುವುದು ಕಷ್ಟ ಎಂದು ನನಗನ್ನಿಸುತ್ತದೆ. ಏಕೆಂದರೆ ಫಿಲ್ಲರ್ ಕೂಡ ಪ್ಲಾಸ್ಟಿಕ್ ಜೊತೆಗೇ ಕೊಳೆಯುತ್ತದೆ. ಆದರೆ ಒಂದು ತೊಡಕಿದೆ. ಸೆಲ್ಯುಲೋಸ್‌ಗೆ ನೀರೆಂದರೆ ಪ್ರೀತಿ, ಪಿಎಲ್‌ಎಗೆ ಆಗುವುದಿಲ್ಲ. ತಯಾರಾಗುವಾಗ ನ್ಯಾನೊ ಸೆಲ್ಯುಲೋಸ್ ನೀರಿನಲ್ಲಿ ತೇಲುವ ಗಂಜಿಯ ರೂಪದಲ್ಲಿರುತ್ತದೆ. ಸುಮ್ನೆ ಒಣಗಿಸಿದರೆ ಕಡ್ಡಿಗಳು ಒಂದಕ್ಕೊಂದು ಅಂಟಿ ಗಟ್ಟಿ ಉಂಡೆಯಾಗುತ್ತವೆ. ಆಮೇಲೆ ಎಷ್ಟು ಪುಡಿ ಮಾಡಿದರೂ ನ್ಯಾನೊ ಅಳತೆಗೆ ವಾಪಸ್ ಬರುವುದಿಲ್ಲ.

ಕಲಸುವುದೇ ದೊಡ್ಡ ಕೆಲಸ

ಜೇಡಿಯದ್ದೂ ಇದೇ ಗೋಳು. ಅದನ್ನು ಹಾಗೇ ಹಾಕಿದರೆ ಪ್ಲಾಸ್ಟಿಕ್ ಅದರ ಸಂದಿಗೆ ಹೋಗುವುದಿಲ್ಲ. ಅದಕ್ಕೇ ಮೊದಲು ಪದರಗಳ ನಡುವಿನ ಸೋಡಿಯಂ ತೆಗೆದು, ಉದ್ದ ಬಾಲದ ಅಮೋನಿಯಂ ಅಣುಗಳನ್ನು ಕೂರಿಸುತ್ತಾರೆ. ಅಣುವಿನ ತಲೆ ಜೇಡಿಗೆ ಅಂಟುತ್ತದೆ, ಎಣ್ಣೆ ಸ್ವಭಾವದ ಬಾಲ ಪ್ಲಾಸ್ಟಿಕ್ಕನ್ನು ಒಳಗೆ ಕರೆಯುತ್ತದೆ.

ಆಮೇಲೆ ಎರಡು ತಿರುಪುಗಳಿರುವ ಎಕ್ಸ್‌ಟ್ರೂಡರ್ ಯಂತ್ರದ ಸರದಿ. ಬಿಸಿ ಕೊಳವೆಯೊಳಗೆ ಪಕ್ಕಪಕ್ಕ ತಿರುಗುವ ತಿರುಪುಗಳು ಕರಗಿದ ಪ್ಲಾಸ್ಟಿಕ್ಕನ್ನೂ ಜೇಡಿಯನ್ನೂ ಹಿಂಡಿ, ಎಳೆದು, ತಿರುಚಿ ಮುಂದಕ್ಕೆ ತಳ್ಳುತ್ತವೆ. ಆ ಎಳೆತಕ್ಕೆ ಪದರಗಳು ಬಿಡಿಸಿಕೊಳ್ಳುತ್ತವೆ. ತುದಿಯಲ್ಲಿ ದಾರದಂತೆ ಹೊರಬರುವುದನ್ನು ನೀರಿನ ತೊಟ್ಟಿಯಲ್ಲಿ ತಣಿಸಿ ಸಣ್ಣ ಗುಳಿಗೆಗಳಾಗಿ ಕತ್ತರಿಸುತ್ತಾರೆ. ಪಿಎಲ್‌ಎಯನ್ನು ಯಂತ್ರಕ್ಕೆ ಹಾಕುವ ಮೊದಲು ಚೆನ್ನಾಗಿ ಒಣಗಿಸಲೇಬೇಕು. ಸ್ವಲ್ಪ ತೇವ ಇದ್ದರೂ ಆ ಬಿಸಿಗೆ ಸರಪಳಿಗಳು ತುಂಡಾಗುತ್ತವೆ. ಬಲ ಕೂಡಿಸಲು ಹೋಗಿ ಇದ್ದ ಬಲವೂ ಹೋಗುತ್ತದೆ.

ಮೂರು ಪಾಲಿಗೆ ಇಷ್ಟು ಬಲ ಬಂದರೆ ಹತ್ತು ಪಾಲು ಹಾಕಿದರೆ ಇನ್ನೂ ಜಾಸ್ತಿ ಬರಬೇಕು, ಅಲ್ವಾ? ಬರುವುದಿಲ್ಲ. ಕಣ ಹೆಚ್ಚಾದ ಹಾಗೆ ಅವು ಒಂದಕ್ಕೊಂದು ತಾಗಿ ಗಂಟು ಕಟ್ಟುತ್ತವೆ. ಗಂಟು ನ್ಯಾನೊ ಕಣವಲ್ಲ, ಬರೀ ಕಲ್ಲು. ಎಳೆದಾಗ ಒತ್ತಡ ಅದರ ಸುತ್ತ ಸೇರಿಕೊಂಡು ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಜೇಡಿಯ ವಿಷಯದಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದರ ಆಸುಪಾಸಿನಲ್ಲಿ ಈ ತಿರುವು ಬರುತ್ತದೆ.

ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಜೇಡಿ ಬಿಗಿ ಕೊಡುತ್ತದೆ, ಪೆಡಸನ್ನು ಕಳೆಯುವುದಿಲ್ಲ. ಎಷ್ಟೋ ಸಲ ಹೆಚ್ಚಿಸುತ್ತದೆ. ಹಾಗಾಗಿ ಪೆಡಸು ಪಿಎಲ್‌ಎಯನ್ನು ಮೆದು ಪಿಬಿಎಟಿ ಜೊತೆ ಬೆರೆಸಿ, ಅದರಿಂದ ಇಳಿದ ಬಿಗಿಯನ್ನು ನ್ಯಾನೊ ಕಣದಿಂದ ಸರಿದೂಗಿಸುವುದು ರೂಢಿ.

ಬೇರೆ ಕಣಗಳು

ಬೆಳ್ಳಿ ಮತ್ತು ಸತುವಿನ ಆಕ್ಸೈಡ್ ಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಆಹಾರ ಕೆಡದಿರಲಿ ಎಂದು ಪ್ಯಾಕಿಂಗಿಗೆ ಅವನ್ನು ಸೇರಿಸುವ ಪ್ರಯತ್ನಗಳಿವೆ. ಆದರೆ ಕೊಳೆಸುವುದೂ ಸೂಕ್ಷ್ಮಜೀವಿಗಳೇ ತಾನೆ! ಅವನ್ನು ಕೊಲ್ಲುವ ಕಣವನ್ನು ಕೊಳೆಯಬೇಕಾದ ಚೀಲಕ್ಕೆ ಹಾಕುವಾಗ ಎರಡು ಸಲ ಯೋಚಿಸಬೇಕು. ಸತುವಿನ ಆಕ್ಸೈಡ್‌ಗೆ ಇನ್ನೊಂದು ಗುಣ ಇದೆ. ಕರಗಿದ ಪಿಎಲ್‌ಎ ಸರಪಳಿಗಳನ್ನು ಅದು ಯಂತ್ರದೊಳಗೇ ಕತ್ತರಿಸಿಬಿಡುತ್ತದೆ. ಅದಕ್ಕೆ ಮೊದಲೇ ಮೇಲುಹೊದಿಕೆ ಕೊಡಬೇಕಾಗುತ್ತದೆ.

ಆಸ್ಪತ್ರೆಯ ಬಳಕೆ ಬೇರೆಯದೇ ಲೋಕ. ಮುರಿದ ಮೂಳೆ ಹಿಡಿದಿಡಲು ಪಿಎಲ್‌ಎ ಸ್ಕ್ರೂ ಬಳಸುತ್ತಾರೆ. ಅದು ನಿಧಾನವಾಗಿ ಮೈಯಲ್ಲೇ ಕರಗುವುದರಿಂದ ತೆಗೆಯಲು ಇನ್ನೊಂದು ಆಪರೇಷನ್ ಬೇಡ. ಅದಕ್ಕೆ ಹೈಡ್ರಾಕ್ಸಿಅಪಟೈಟ್ ಕಣ ಸೇರಿಸುವುದುಂಟು. ನಮ್ಮ ಮೂಳೆಯ ಖನಿಜವೂ ಅದೇ. ಮೆತ್ತನೆಯ ಕೊಲಾಜನ್ ಎಳೆಗಳ ನಡುವೆ ಆ ಖನಿಜದ ನ್ಯಾನೊ ಹರಳುಗಳು ಕೂತಿರುವುದರಿಂದಲೇ ಮೂಳೆಗೆ ಅಷ್ಟು ಬಲ.

ಗಟ್ಟಿಯಾದ ಮೇಲೂ ಕೊಳೆಯುತ್ತದೆಯೇ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಪರೀಕ್ಷೆ ಹೀಗಿದೆ: ಕಾಂಪೋಸ್ಟಬಲ್ ಎನ್ನಿಸಿಕೊಳ್ಳಲು ಸುಮಾರು 58 ಡಿಗ್ರಿ ಬಿಸಿಯ ಗೊಬ್ಬರದಲ್ಲಿ 180 ದಿನಗಳೊಳಗೆ ಅದರಲ್ಲಿರುವ ಇಂಗಾಲದ ಶೇ 90ರಷ್ಟು ಭಾಗ ಇಂಗಾಲದ ಡೈಆಕ್ಸೈಡ್ ಆಗಬೇಕು. 12 ವಾರಗಳ ನಂತರ 2 ಮಿಲಿಮೀಟರ್ ಜರಡಿ ಹಿಡಿದರೆ ಮೇಲೆ ಉಳಿಯುವುದು ಶೇ 10ಕ್ಕಿಂತ ಜಾಸ್ತಿ ಇರಬಾರದು. ಉಳಿದ ಗೊಬ್ಬರದಲ್ಲಿ ಗಿಡ ಸರಿಯಾಗಿ ಬೆಳೆಯಬೇಕು, ಭಾರ ಲೋಹಗಳು ಮಿತಿಯೊಳಗಿರಬೇಕು.

ಆ 58 ಡಿಗ್ರಿಗೆ ಅರ್ಥ ಇದೆ. ಪಿಎಲ್‌ಎ ಸರಪಳಿಗಳು ಅಲುಗಾಡುವುದು ಅದರ ಹತ್ತಿರ ಎಂದು ಮೇಲೆ ನೋಡಿದೆವು. ಅಲ್ಲಿಗೆ ಬಂದಾಗ ನೀರು ಒಳಹೊಕ್ಕು ಸರಪಳಿ ಕತ್ತರಿಸುತ್ತದೆ. ಮನೆಯ ಹಿತ್ತಲ ಗುಂಡಿ ಅಷ್ಟು ಬಿಸಿಯಾಗಿ ಬಹಳ ದಿನ ಉಳಿಯುವುದಿಲ್ಲ. ಚರಂಡಿ, ಕೆರೆ, ಸಮುದ್ರಗಳಂತೂ ಇನ್ನೂ ತಣ್ಣಗೆ. ಅಲ್ಲಿ ಪಿಎಲ್‌ಎ ವರ್ಷಗಟ್ಟಲೆ ಹಾಗೇ ಇರುತ್ತದೆ.

ಜೇಡಿ ಸೇರಿದರೆ ಎರಡು ಕಡೆಯಿಂದ ಎಳೆದಾಟ. ಜೇಡಿ ತೇವ ಹೀರುವುದರಿಂದ ನೀರು ಒಳಗೆ ಬರಲು ದಾರಿಯಾಗುತ್ತದೆ. ಪಿಎಲ್‌ಎ ಬೇಗ ಕೊಳೆತ ಪ್ರಯೋಗಗಳು ಹಲವು ಇವೆ. ಇತ್ತ ಕಣದಿಂದ ಹರಳು ಹೆಚ್ಚಾದರೆ ಬಿಗಿಯಾದ ಆ ಭಾಗಕ್ಕೆ ನೀರು ನುಗ್ಗುವುದು ನಿಧಾನ. ಯಾವುದು ಗೆಲ್ಲುತ್ತದೆ ಎನ್ನುವುದು ಜೇಡಿಗೆ ಕೊಟ್ಟ ಹೊದಿಕೆ, ಹರಡಿದ ರೀತಿ, ಪ್ಲಾಸ್ಟಿಕ್ಕಿನ ದಪ್ಪ ಎಲ್ಲದರ ಮೇಲೆ ನಿಂತಿದೆ. ಆದ್ದರಿಂದ ‘ನ್ಯಾನೊ ಹಾಕಿದರೆ ಕೊಳೆಯುವುದಿಲ್ಲ’ ಎನ್ನುವುದೂ ತಪ್ಪು, ‘ಬೇಗ ಕೊಳೆಯುತ್ತದೆ’ ಎಂದು ಸಾರಾಸಗಟಾಗಿ ಹೇಳುವುದೂ ತಪ್ಪು. ಫಿಲ್ಲರ್ ಸೇರಿಸಿ ತಯಾರಾದ ವಸ್ತುವನ್ನೇ ಪರೀಕ್ಷೆಗೆ ಒಡ್ಡಬೇಕು.

ಆರೋಗ್ಯದ ಮಾತು

ಪ್ಲಾಸ್ಟಿಕ್ ಒಳಗೆ ಸಿಕ್ಕಿಕೊಂಡ ಜೇಡಿ ಪದರ ಸುಲಭಕ್ಕೆ ಹೊರಬರುವುದಿಲ್ಲ. ಅಪಾಯ ಜಾಸ್ತಿ ಇರುವುದು ಕಾರ್ಖಾನೆಯಲ್ಲಿ, ಒಣ ಪುಡಿ ಸುರಿಯುವವರಿಗೆ. ಅಷ್ಟು ಸಣ್ಣ ಪುಡಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಮಾಸ್ಕ್, ಗಾಳಿ ಹೀರುವ ವ್ಯವಸ್ಥೆ ಅಲ್ಲಿ ಇರಲೇಬೇಕು. ಜೇಡಿಗೆ ಹಚ್ಚುವ ಕೆಲವು ಅಮೋನಿಯಂ ರಾಸಾಯನಿಕಗಳೂ ಜೀವಕೋಶಗಳಿಗೆ ಒಳ್ಳೆಯವಲ್ಲ. ಊಟದ ಪ್ಯಾಕಿಂಗಿಗಾದರೆ ಅದನ್ನೂ ನೋಡಿ ಆರಿಸಬೇಕು. ಪ್ಲಾಸ್ಟಿಕ್ ಪ್ಯಾಕಿಂಗಿನಿಂದ ಆಹಾರಕ್ಕೆ ಒಟ್ಟಾರೆ ಎಷ್ಟು ವಸ್ತು ಇಳಿಯಬಹುದು ಎನ್ನುವುದಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಕೆಜಿಗೆ 60 ಮಿಲಿಗ್ರಾಂ ಮಿತಿ ಇಟ್ಟಿದೆ.

ಬ್ಯಾಗ್ ಕೈಗೆ ಬಂದಾಗ

ಹಸಿರು ಬಣ್ಣ, ಎಲೆಯ ಚಿತ್ರ ಯಾರು ಬೇಕಾದರೂ ಅಚ್ಚು ಹಾಕಬಹುದು. ನಿಜವಾದ ಕಾಂಪೋಸ್ಟಬಲ್ ಬ್ಯಾಗ್ ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪ್ರಮಾಣಪತ್ರ ಪಡೆದಿರಬೇಕು. ಬ್ಯಾಗ್ ಮೇಲೆ ತಯಾರಕರ ಹೆಸರು, ಪ್ರಮಾಣಪತ್ರದ ಸಂಖ್ಯೆ ನೋಡಿ. ಐಎಸ್ 17088 ಎಂಬುದು ಮೇಲೆ ಹೇಳಿದ ಪರೀಕ್ಷೆಯ ಮಾನದಂಡ. ‘ಆಕ್ಸೋ’ ಎಂದಿದ್ದರೆ ಅದು ಬೇರೆ ಜಾತಿ. ಮಾಮೂಲಿ ಪಾಲಿಥೀನ್‌ಗೆ ಬೇಗ ಚೂರಾಗುವ ರಾಸಾಯನಿಕ ಸೇರಿಸಿದ್ದು ಅಷ್ಟೇ.

ಹರಿದ ಕಾಂಪೋಸ್ಟಬಲ್ ಬ್ಯಾಗನ್ನು ಹಾಲಿನ ಪ್ಯಾಕೆಟ್, ನೀರಿನ ಬಾಟಲಿಗಳ ಜೊತೆ ಗುಜರಿಗೆ ಹಾಕಬೇಡಿ. ಮರುಬಳಕೆ ಘಟಕಗಳಲ್ಲಿ ನೀರಿನಲ್ಲಿ ಮುಳುಗಿಸಿ ಪ್ಲಾಸ್ಟಿಕ್ ಬೇರ್ಪಡಿಸುವ ಕ್ರಮ ಇದೆ. ಪಾಲಿಥೀನ್ ತೇಲುತ್ತದೆ, ಬಾಟಲಿಯ ಪೆಟ್ ಮುಳುಗುತ್ತದೆ. ಪಿಎಲ್‌ಎಯೂ ಮುಳುಗುತ್ತದೆ, ಜೇಡಿ ಸೇರಿದ್ದರಂತೂ ಇನ್ನೂ ಬೇಗ. ಪೆಟ್ ಜೊತೆ ಸೇರಿ ಕರಗಿದರೆ ಆ ಇಡೀ ರಾಶಿಯ ಗುಣಮಟ್ಟ ಕೆಡುತ್ತದೆ. ನಿಮ್ಮ ಊರಿನ ಹಸಿಕಸ ದೊಡ್ಡ ಗೊಬ್ಬರ ಘಟಕಕ್ಕೆ ಹೋಗುತ್ತದೆಯೇ, ಅಲ್ಲಿ ಇಂಥ ಬ್ಯಾಗ್ ತೆಗೆದುಕೊಳ್ಳುತ್ತಾರೆಯೇ ಎಂದು ಪಾಲಿಕೆಯಲ್ಲೋ ಪಂಚಾಯಿತಿಯಲ್ಲೋ ಒಮ್ಮೆ ಕೇಳಿಕೊಳ್ಳಿ. ತೆಗೆದುಕೊಳ್ಳುವುದಾದರೆ ಹಸಿಕಸವನ್ನು ಅದೇ ಬ್ಯಾಗಿನಲ್ಲಿ ಕಟ್ಟಿ ಕೊಡಬಹುದು.